ಉಣ್ಣುವಾಗ ಒದ್ದೆಯಾಗುವ ಕಣ್ಣು

“ನೀರು ಹಾಕ್ಬೇಡಿ! ಯಾರೂ ನೀರು ಹಾಕ್ಬೇಡಿ!” ಎಂದು ಮಾವ ಕೂಗುವಾಗ ನಾನು ನೀರಿನ ಪೀಪಾಯಿಯ ಅಂಚು ಹಿಡಿದಾಗಿತ್ತು. ಮುಖ ಮುಳುಗಿಸಬೇಕು, ಅಷ್ಟರಲ್ಲಿ ಅವರು ಹಿಂದಿನಿಂದ ಬಂದು ನನ್ನ ಸೊಂಟ ಹಿಡಿದು ಎಳೆದರು. ಇನ್ನಿಬ್ಬರು ಕೈ ಹಿಡಿದರು. ನಾನು ಕಾಲು ಝಾಡಿಸಿದೆ, ಬೈದೆ, ಒಬ್ಬನ ಕೈ ಕಚ್ಚಿದೆ. ಬಿಡಲಿಲ್ಲ. ಹೊಯಿಗೆ ರಾಶಿಯ ಮರಳ ಮೇಲೆ ಅಂಗಾತ ಮಲಗಿಸಿ, ರೆಪ್ಪೆ ಬಿಡಿಸಿ, ಎರಡೂ ಕಣ್ಣಿಗೆ ತೆಂಗಿನೆಣ್ಣೆ ಹೊಯ್ದರು.

ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಆಗಿತ್ತು. ಕಡಬದಲ್ಲಿ ಒಂದು ಶಾಲೆಯ ಕಟ್ಟಡ ಏಳುತ್ತಿತ್ತು. ಅದಕ್ಕೆ ಸುಣ್ಣ ಅರಳಿಸಿ ಕೊಡುವ ಕೆಲಸ ನಮ್ಮದು. ಕಡಲ ಬದಿಯಿಂದ ಸುಟ್ಟ ಚಿಪ್ಪು ಗೋಣಿಯಲ್ಲಿ ಬರುತ್ತದೆ. ಅದನ್ನು ಹೊಂಡಕ್ಕೆ ಸುರಿದು ನೀರು ಬಿಟ್ಟರೆ ಒಲೆ ಇಲ್ಲದೆ ಬೆಂಕಿ ಇಲ್ಲದೆ ಕುದಿಯುತ್ತದೆ. ಉದ್ದ ಕೋಲಿನಲ್ಲಿ ತಿರುಗಿಸಬೇಕು. ನನ್ನ ಮಾವ, ಎಂದರೆ ಅಮ್ಮನ ಅಣ್ಣ, ಆ ಹೊಂಡದ ಮೇಸ್ತ್ರಿ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅವರ ಕೈ ಕೆಳಗೆ ಕೋಲು ಹಿಡಿದು ದೊಡ್ಡವನಾದವನು. ಇದನ್ನು ನಾನು ಹೇಳುತ್ತಿದ್ದೇನೆ, ತಂಗಿ ಬರೆಯುತ್ತಿದ್ದಾಳೆ. ಅವಳು ಅಲ್ಲಲ್ಲಿ ಚಂದದ ಮಾತು ಸೇರಿಸಲು ಹೊರಟಳು. ಬೇಡ ಎಂದೆ.

ಅವತ್ತು ಹೊಂಡದಲ್ಲಿ ಒಂದು ಗಟ್ಟಿ ಒಡೆದು ಸುಣ್ಣ ಮುಖಕ್ಕೆ ಹಾರಿತು. ಅಷ್ಟೇ. ನೋವು ಎಂತದ್ದು ಎಂದು ಹೇಳಲು ನನಗೆ ಬರುವುದಿಲ್ಲ.

ಮಾವ ಯಾಕೆ ನೀರು ಬೇಡ ಎಂದರು ಎಂದು ಸುಣ್ಣದ ಕೆಲಸ ಮಾಡಿದವರಿಗೆ ಗೊತ್ತು. ಸುಣ್ಣಕ್ಕೆ ನೀರು ಮುಟ್ಟಿದರೆ ಕುದಿಯುವುದನ್ನು ಅವರು ದಿನಾ ನೋಡಿದವರು. “ನೀರು ಬಿದ್ರೆ ಕಣ್ಣೊಳಗೇ ಕುದೀತದೆ ಮಾರಾಯ, ಸ್ವಲ್ಪ ತಡ್ಕೊ, ಸ್ವಲ್ಪ ತಡ್ಕೊ” ಎಂದು ಅವರು ನನ್ನ ಕಿವಿಯ ಹತ್ತಿರ ಹೇಳುತ್ತಾ ಇದ್ದರು. ಬೇರೆಯವರೂ ಹೌದು ಹೌದು ಎಂದರು. ಯಾರಿಗೂ ಸಂಶಯ ಬರಲಿಲ್ಲ.

ಪುತ್ತೂರಿಗೆ ಕರೆದುಕೊಂಡು ಹೋಗುವಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು ಒಂದೇ ಮಾತು. “ನೀರು ಹಾಕಿದ್ರಾ?”

“ಇಲ್ಲ ಸ್ವಾಮೀ, ಒಂದು ಹನಿ ಮುಟ್ಟಿಸ್ಲಿಲ್ಲ” ಎಂದರು ಮಾವ. ಶಹಬ್ಬಾಸ್ ಸಿಗುತ್ತದೆ ಎನ್ನುವ ಹಾಗೆ ಹೇಳಿದರು.

ಡಾಕ್ಟರು ನನ್ನ ರೆಪ್ಪೆ ಬಿಡಿಸಿ ನೋಡಿದರು. ಮತ್ತೆ, “ಕೊಡಗಟ್ಟಲೆ ಹಾಕಬೇಕಿತ್ತು. ಆಗಲೇ ತೊಳೆದಿದ್ರೆ ಇಷ್ಟು ಸುಡ್ತಿರ್ಲಿಲ್ಲ” ಎಂದರು. ಬೆಂಚು ಕಿರ್ ಎಂದಿತು. ಮಾವ ಕುಳಿತುಕೊಂಡರು ಎಂದು ಗೊತ್ತಾಯಿತು.

ಎಡಗಣ್ಣು ಹೋಯಿತು. ರೆಪ್ಪೆ ಗುಡ್ಡೆಗೇ ಅಂಟಿಕೊಂಡಿತು. ಬಲಗಣ್ಣು ಉಳಿಯಿತು, ಆದರೆ ಕಪ್ಪಿನ ಮೇಲೆ ಬಿಳಿ ಬಂತು. ಬೆಳಕು ಗೊತ್ತಾಗುತ್ತಿತ್ತು, ಎದುರು ಯಾರಾದರೂ ನಿಂತರೆ ನೆರಳು ಗೊತ್ತಾಗುತ್ತಿತ್ತು. ಅದಕ್ಕಿಂತ ಕಷ್ಟ ಇನ್ನೊಂದು. ಕಣ್ಣು ಒಣಗಿತು. ಒಣಗುವುದೆಂದರೆ ಸುಮ್ಮನೆ ಅಲ್ಲ. ರೆಪ್ಪೆ ಮುಚ್ಚಿದರೆ ಹೊಯಿಗೆ ತಿಕ್ಕಿದ ಹಾಗೆ, ತೆರೆದರೆ ಗಾಳಿ ಚುಚ್ಚುತ್ತದೆ. ಬೆಳಿಗ್ಗೆ ಎದ್ದರೆ ರೆಪ್ಪೆಯನ್ನು ಬೆರಳಿನಿಂದ ಬಿಡಿಸಬೇಕು. ಅಳು ಬಂದರೆ ಎದೆಯಲ್ಲಿ ಬರುತ್ತದೆ, ಕಣ್ಣಿಗೆ ಏರುವುದಿಲ್ಲ.

ನಾನು ಇಚಿಲಂಪಾಡಿಯ ಮನೆಯಲ್ಲಿ ಕುಳಿತೆ. ಅಮ್ಮ ಕೂಲಿಗೆ ಹೋಗುತ್ತಿದ್ದಳು, ತಂಗಿ ಶಾಲೆಗೆ. ಮಾವನ ಮನೆ ನೀರು ಹರಿಯುವ ತೋಡಿನ ಆಚೆ. ಅತ್ತೆ ತೀರಿಹೋಗಿ ಅವರು ಒಬ್ಬರೇ. ಆ ದಿನದ ನಂತರ ಅವರು ಸುಣ್ಣದ ಹೊಂಡಕ್ಕೆ ಹೋಗಲಿಲ್ಲ. ಮೇಸ್ತ್ರಿಯಾಗಿದ್ದವರು ಅವರಿವರ ಬೇಲಿ ಕಟ್ಟಲು, ಮಣ್ಣು ಹೊರಲು ಹೋದರು. ನಮ್ಮ ಮನೆಗೆ ಬಂದರೆ ಜಗಲಿಯ ಮೂಲೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ನಾನು ಅವರೊಡನೆ ಮಾತಾಡುತ್ತಿರಲಿಲ್ಲ. ಅವರ ಕೈ ನನ್ನ ಸೊಂಟದಲ್ಲಿ ಇದ್ದದ್ದು ನನಗೆ ಮರೆತುಹೋಗಲಿಲ್ಲ.

ಒಂದು ದಿನ ಮಾವನೇ ಸುದ್ದಿ ತಂದರು. ಪುತ್ತೂರಿನಲ್ಲಿ ಕಣ್ಣಿನ ಶಿಬಿರ ಉಂಟು, ಮಂಗಳೂರಿನಿಂದ ಒಬ್ಬರು ಡಾಕ್ಟರು ಬರುತ್ತಾರೆ, ಒಣಗಿದ ಕಣ್ಣಿನ ವಿಷಯವೇ ಓದುವವರಂತೆ ಎಂದು. ನಾನು ಹೋಗುವುದಿಲ್ಲ ಎಂದೆ. ಅಮ್ಮ ಒಂದು ಬೈದಳು, ಅವಳ ಮತ್ತು ಮಾವನ ಜೊತೆಗೆ ಹೋದೆ.

ಆ ಡಾಕ್ಟರಿಗೆ ಪ್ರಾಯ ಹೆಚ್ಚಿಲ್ಲ ಎಂದು ಸ್ವರದಲ್ಲಿ ಗೊತ್ತಾಗುತ್ತಿತ್ತು. ಒಂದು ಸಣ್ಣ ಕಾಗದದ ಪಟ್ಟಿಯ ತುದಿ ಮಡಚಿ ನನ್ನ ಕೆಳಗಿನ ರೆಪ್ಪೆಯೊಳಗೆ ಸಿಕ್ಕಿಸಿದರು. ಕಣ್ಣು ಮುಚ್ಚಿ ಕುಳಿತುಕೋ ಎಂದರು. ಸ್ವಲ್ಪ ಹೊತ್ತು ಬಿಟ್ಟು ಅದನ್ನು ತೆಗೆದು ನನ್ನ ಬೆರಳಿಗೆ ಕೊಟ್ಟರು.

“ಮುಟ್ಟಿ ನೋಡು. ಹೇಗುಂಟು?”

“ಕಾಗದದ ಹಾಗೆ ಉಂಟು.”

“ಅದೇ. ಹಾಕುವಾಗಲೂ ಹೀಗೇ ಇತ್ತು. ಸರಿ ಇರುವ ಕಣ್ಣಾದರೆ ಇದು ಒದ್ದೆಯಾಗಬೇಕು” ಎಂದರು. ನನಗೆ ವ್ಯತ್ಯಾಸ ತಿಳಿಯಲಿ ಎಂದು ಮಾವನನ್ನು ಕರೆದು ಅವರ ಕಣ್ಣಿಗೂ ಒಂದು ಪಟ್ಟಿ ಸಿಕ್ಕಿಸಿದರು. ತೆಗೆದು ನನ್ನ ಬೆರಳಿಗೆ ಕೊಟ್ಟರೆ, ಆ ಪಟ್ಟಿ ತುದಿಯವರೆಗೆ ನೆನೆದು ಮುದ್ದೆಯಾಗಿತ್ತು. ಪಕ್ಕದಲ್ಲಿದ್ದ ಕಂಪೌಂಡರು, “ಇವರಿಗೆ ಕಾಗದ ಸಾಕಾಗುದಿಲ್ಲ ಡಾಕ್ಟ್ರೇ, ಬಾಲ್ದಿ ತರ್ಬೇಕು” ಎಂದ. ಕ್ಯೂನಲ್ಲಿದ್ದವರು ನಗಾಡಿದರು. ಮಾವ ಮೂಗು ಸೀಟಿಕೊಂಡರು.

ಡಾಕ್ಟರು ನನಗೆ ವಿಷಯ ಬಿಡಿಸಿ ಹೇಳಿದರು. ಕಣ್ಣೀರು ಬರುವ ಗ್ರಂಥಿಯ ದಾರಿ ಸುಣ್ಣಕ್ಕೆ ಸುಟ್ಟು ಮುಚ್ಚಿದೆ. ಕಪ್ಪಿನ ಮೇಲೆ ಗಾಜಿನಂಥ ಒಂದು ಪೊರೆ ಉಂಟು, ಕಾರ್ನಿಯಾ ಎನ್ನುತ್ತಾರೆ, ಅದು ಬಿಳಿಯಾಗಿದೆ. ಸತ್ತವರ ಕಣ್ಣಿನ ಪೊರೆ ತೆಗೆದು ಕೂರಿಸಿದರೆ ಕಾಣಬಹುದು. ಆದರೆ ಒಣಗಿದ ಕಣ್ಣಿನಲ್ಲಿ ಹೊಸ ಪೊರೆ ನಿಲ್ಲುವುದಿಲ್ಲ. ಮೊದಲು ಕಣ್ಣು ಒದ್ದೆಯಾಗಬೇಕು. ಅದಕ್ಕೆ ಕೆನ್ನೆಯೊಳಗೆ ಜೊಲ್ಲು ಬರುವ ಒಂದು ನಳಿಗೆ ಉಂಟು, ಅದನ್ನು ಬಿಡಿಸಿ ಮೇಲೆ ತಿರುಗಿಸಿ ಕಣ್ಣಿಗೆ ಸೇರಿಸುವುದು.

ಅಮ್ಮ ಹೌಹಾರಿದಳು. “ಎಂಜಲನ್ನು ಕಣ್ಣಿಗೆ ಬಿಡುದಾ? ಆ ಕಣ್ಣಲ್ಲಿ ಇವ ದೇವರನ್ನು ನೋಡುದು ಹೇಗೆ?”

“ನಾಲಿಗೆ ಮುಟ್ಟಿದ ಮೇಲೆ ಅಲ್ವಾ ಅಮ್ಮ ಎಂಜಲು? ಇದು ನಾಲಿಗೆಗೆ ಬರುವ ಮೊದಲೇ ದಾರಿ ಬದಲಿಸ್ತದೆ” ಎಂದರು ಡಾಕ್ಟರು.

ನಾನು ಕೇಳಿದೆ, “ಗ್ಯಾರಂಟಿ ಉಂಟಾ?”

“ಇಲ್ಲ. ಕೆಲವರಿಗೆ ಮಾಡಿದ್ದೇನೆ. ಕೆಲವರಿಗೆ ಆಯ್ತು, ಕೆಲವರಿಗೆ ಆಗ್ಲಿಲ್ಲ. ನಾನು ಇನ್ನೂ ಕಲೀತಾ ಇದ್ದೇನೆ.”

“ಅಂದ್ರೆ ನನ್ನ ಕಣ್ಣಲ್ಲಿ ಕಲಿಯುದು?”

“ಹೌದು. ನಿನಗೆ ಸುಳ್ಳು ಹೇಳುದಿಲ್ಲ.”

ಆ ಮಾತು ನನಗೆ ಹಿಡಿಸಿತು. ಆಯಿತು ಎಂದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಕೆನ್ನೆ ಊದಿ ಹಲಸಿನ ಹಣ್ಣಾಯಿತು. ಊತ ಇಳಿದ ಮೇಲೆ ಡಾಕ್ಟರು ನನ್ನ ನಾಲಿಗೆಯ ಮೇಲೆ ಲಿಂಬೆ ಹಿಂಡಿದರು. ಬಲಗಣ್ಣಿನಲ್ಲಿ ಏನೋ ಬೆಚ್ಚಗೆ ಬಂತು. ತುಂಬಿತು. ಕೆನ್ನೆಗೆ ಇಳಿಯಿತು. ಎಷ್ಟೋ ತಿಂಗಳ ನಂತರ ರೆಪ್ಪೆ ನೋವಿಲ್ಲದೆ ಜಾರಿತು. ಡಾಕ್ಟರು ಮೇಜು ಗುದ್ದಿ, “ಬಂತು ನೋಡಿ, ಬಂತು!” ಎಂದು ಹುಡುಗರ ಹಾಗೆ ಕೂಗಿದರು.

ಮನೆಗೆ ಕಳಿಸುವಾಗ ಹೇಳಿದರು, “ಹೊಸ ಪೊರೆ ಕೂರಿಸುದು ಮಳೆಗಾಲ ಕಳೆದ ಮೇಲೆ. ಅಲ್ಲಿವರೆಗೆ ಕಣ್ಣು ಒಣಗ್ಬಾರ್ದು. ಒಣಗಿ ಹುಣ್ಣಾದ್ರೆ ಮತ್ತೆ ನನ್ನ ಕೈಲಿಲ್ಲ.”

“ಒಣಗದಿರ್ಲಿಕ್ಕೆ ಎಂತ ಮಾಡ್ಬೇಕು?”

“ಉಣ್ಣು. ಬಾಯಲ್ಲಿ ಜೊಲ್ಲು ಬಂದ್ರೆ ಮಾತ್ರ ಕಣ್ಣಿಗೆ ನೀರು. ಹೊಟ್ಟೆ ಬಿರಿಯುವಷ್ಟು ಬೇಡ, ಆಗಾಗ ಉಣ್ಣು.”

ಅವರು ಅದನ್ನು ಸುಲಭದ ಮದ್ದು ಎಂದು ಹೇಳಿದರು. ನಮ್ಮ ಮನೆಯಲ್ಲಿ ಬೆಳಿಗ್ಗೆ ಗಂಜಿ, ರಾತ್ರಿ ಗಂಜಿ. ನಡುವೆ ಏನೂ ಇಲ್ಲ. ಆಗಾಗ ಉಣ್ಣುವುದು ಎಲ್ಲಿಂದ?

ಹುಳಿಗೆ ಜೊಲ್ಲು ಬರಲಿ ಎಂದು ಪುನರ್ಪುಳಿಯ ಒಣ ಸಿಪ್ಪೆ ಬಾಯಿಗೆ ಹಾಕಿ ಚೀಪಿದೆ. ಎರಡು ವಾರದಲ್ಲಿ ಬಾಯಿ ಇಡೀ ಹುಣ್ಣು. ಸುಣ್ಣವಿಲ್ಲದೆ ವೀಳ್ಯದೆಲೆ ಜಗಿದೆ. ತಲೆ ತಿರುಗಿತು. ಅನ್ನ ಜಗಿದ ಹಾಗೆ ಯಾವುದೂ ಆಗಲಿಲ್ಲ.

ಜನರಿಗೆ ಇದೊಂದು ತಮಾಷೆ. ಪೆರಾಬೆಯಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಕುಳಿತು ಮೊದಲ ತುತ್ತು ಹಾಕಿದ್ದೇ ಕಣ್ಣಿನಿಂದ ಸುರಿಯಲು ಶುರು. ಎದುರಿನ ಸಾಲಿನ ಒಬ್ಬ ಹೆಂಗಸು, “ಅಯ್ಯೋ, ಶುಭಕಾರ್ಯದ ಎಲೆ ಎದುರು ಕಣ್ಣೀರು ಹಾಕಿ ಕೂಗುದಾ ಇವ? ಎಬ್ಬಿಸಿ ಅವನನ್ನು” ಎಂದಳು. “ಕೂಗುದಲ್ಲ, ನಿಮ್ಮ ಸಾರು ಕಣ್ಣಿಂದ ಬರುದು” ಎಂದೆ. ಕೆಲವರು ನಕ್ಕರು. ಆದರೂ ಒಬ್ಬ ಬಂದು ನನ್ನ ಎಲೆಯನ್ನು ಅಡುಗೆ ಚಪ್ಪರದ ಹಿಂದೆ ಹಾಕಿಕೊಟ್ಟ. ಅಲ್ಲಿ ಉಂಡೆ. ಉಣ್ಣದೆ ಎದ್ದು ಬರಲು ನನಗೆ ಆಗುವುದಿಲ್ಲವಲ್ಲ, ಕಣ್ಣಿಗೆ ಬೇಕಿತ್ತು.

ಜೋರು ಮಳೆಯ ಆಟಿ ತಿಂಗಳು ಬಂತು. ಕೂಲಿ ಇಲ್ಲ, ಅಕ್ಕಿ ಇಲ್ಲ. ನಮ್ಮ ಊರಿನಲ್ಲಿ ಆ ತಿಂಗಳು ಹೇಗೆ ಎಂದು ಎಲ್ಲರಿಗೂ ಗೊತ್ತು. ತಗತೆ ಸೊಪ್ಪು, ಕೆಸುವಿನ ದಂಟು, ಹಲಸಿನ ಬೀಜ. ಅಮ್ಮ ತನ್ನ ಗಂಜಿಯನ್ನು ನನಗೆ ತಿರುಗಿಸುತ್ತಿದ್ದಳು, ಅದೂ ತೆಳು ನೀರು. ಕುಡಿಯುವುದಕ್ಕೆ ಜಗಿಯಬೇಕಾಗಿಲ್ಲ. ಮಧ್ಯಾಹ್ನಕ್ಕೆ ಕಣ್ಣು ಒಣಗಿ ಮತ್ತೆ ಹೊಯಿಗೆ ತಿಕ್ಕಲು ಶುರು. ಮಂಗಳೂರಿಗೆ ಹೋಗುವ ಮೊದಲೇ ಇದೂ ಹೋಗುತ್ತದೆ ಎಂದು ನನಗೆ ಖಾತ್ರಿಯಾಯಿತು.

ಆಗ ಮಾವ ಮಧ್ಯಾಹ್ನ ಬರಲು ಶುರು ಮಾಡಿದರು. ಅಮ್ಮ ಯಾರದೋ ಗದ್ದೆಯಲ್ಲಿ ಕಳೆ ಕೀಳಲು ಕೇಳಿಕೊಂಡು ಹೋಗಿರುತ್ತಿದ್ದಳು, ತಂಗಿ ಶಾಲೆಯಲ್ಲಿ. ಬಾಳೆ ಎಲೆಯಲ್ಲಿ ಕಟ್ಟಿದ ಅನ್ನ ತರುತ್ತಿದ್ದರು. ಕುಚ್ಚಲಕ್ಕಿಯ ಗಟ್ಟಿ ಅನ್ನ, ಬದಿಯಲ್ಲಿ ಒಂದು ಉಪ್ಪಿನಕಾಯಿ ಹೋಳು.

“ಉಣ್ಣು” ಎನ್ನುವರು.

“ನಿಮ್ಮದು?” ಎಂದು ನಾನು ಕೇಳಿದ್ದು ಒಂದೇ ದಿನ.

“ನನ್ನದಾಯ್ತು. ಈಗಷ್ಟೇ ಹೊಟ್ಟೆ ತುಂಬಾ ಉಂಡು ಬಂದದ್ದು” ಎಂದರು.

ಮತ್ತೆ ಕೇಳಲಿಲ್ಲ. ಸಿಟ್ಟು ಇತ್ತಲ್ಲ. ಕೊಡಲಿ, ಕೊಡಬೇಕಾದವರೇ ಎಂದುಕೊಂಡು ಉಂಡೆ. ಒಂದು ತುತ್ತು ಹಾಕಿದರೆ ಕಣ್ಣು ತುಂಬುತ್ತದೆ, ಇದ್ದ ನೆರಳೂ ನೀರಿನಲ್ಲಿ ಕದಡುತ್ತದೆ. ಎದುರು ಕುಳಿತವರು ಕಾಣುವುದಿಲ್ಲ. ನನ್ನ ಕೆನ್ನೆಯ ಮೇಲೆ ನೀರು ಇಳಿಯುವವರೆಗೆ ಮಾವ ಕುಳಿತಿರುತ್ತಿದ್ದರು. ಇಳಿದ ಮೇಲೆ, “ಹ್ಞಾ, ಬಂತು” ಎಂದು ಎದ್ದು ಹೋಗುತ್ತಿದ್ದರು. ಅಷ್ಟೇ ಮಾತು. ಮಳೆ ಬಿಡುವವರೆಗೂ ಹೀಗೇ.

ಒಂದು ಸಂಜೆ ಅಮ್ಮ ಅವರನ್ನು ಅಂಗಳದಲ್ಲಿ ನೋಡಿ, “ಅಣ್ಣ, ಎಂತ ಇಷ್ಟು ಸೊರಗಿದ್ದು ನೀವು? ಜ್ವರ ಬಂದಿತ್ತಾ?” ಎಂದು ಕೇಳುವುದು ಕೇಳಿಸಿತು.

“ಪ್ರಾಯ ಆಗ್ಲಿಲ್ವಾ ನನಗೆ? ಮದುವೆಗಂಡು ಮಾಡ್ತೀಯಾ ನನ್ನನ್ನು?” ಎಂದರು ಮಾವ. ಅಮ್ಮ ನಕ್ಕಳು. ನಾನು ಲಕ್ಷ್ಯ ಕೊಡಲಿಲ್ಲ.

ಮಳೆಗಾಲ ಕಳೆಯಿತು. ಡಾಕ್ಟರು ಕಾಗದದ ಪಟ್ಟಿ ಹಾಕಿ, ಬಾಯಿಗೆ ಲಿಂಬೆ ಹಿಂಡಿ, ಟಾರ್ಚು ಬಿಟ್ಟು ನೋಡಿದರು. “ಹುಣ್ಣಿಲ್ಲ. ಮೆತ್ತಗುಂಟು, ಒಳ್ಳೆದುಂಟು. ಹೇಗೆ ಕಾಪಾಡಿದೆ ಮಾರಾಯ?” ಎಂದರು. “ಉಂಡೆ” ಎಂದೆ. ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಯಾರೋ ತೀರಿಹೋದವರ ಪೊರೆ ಸಿಕ್ಕಿತು. ಯಾರದ್ದು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಲೆ ಅಲ್ಲಾಡಿಸದೆ ಮಲಗಬೇಕಾಯಿತು. ಆ ದಿನಗಳು ಮುಗಿಯುವುದೇ ಇಲ್ಲ ಎಂದು ಅನಿಸಿತ್ತು.

ಕಟ್ಟು ಬಿಚ್ಚಿದ ದಿನ ಮೊದಲು ಕಂಡದ್ದು ಡಾಕ್ಟರ ಕೋಟಿನ ಗುಬ್ಬಿ, ಎಂದರೆ ಬಟನ್. ಅದು ಗುಂಡಗೆ ಇತ್ತು. ಮಂಜು ಮಂಜಾಗಿ, ಆದರೆ ಗುಂಡಗೆ. ಮತ್ತೆ ಕಿಟಕಿಯ ಸರಳು. ಮತ್ತೆ ಅಮ್ಮ. ಅಮ್ಮನ ತಲೆ ಬೆಳ್ಳಗಾಗಿತ್ತು.

ಬಾಗಿಲ ಹತ್ತಿರ ಒಬ್ಬ ಮುದುಕ ನಿಂತಿದ್ದ. ಬೇರೆ ರೋಗಿ ಇರಬೇಕು ಎಂದುಕೊಂಡೆ. ಹೆಗಲ ಎಲುಬು ಎದ್ದು ನಿಂತಿತ್ತು. ಕೆನ್ನೆ ಒಳಗೆ ಹೋಗಿತ್ತು. ಮುಂಡು ಸೊಂಟದಲ್ಲಿ ನಿಲ್ಲದೆ ಬಾಳೆನಾರಿನ ಹಗ್ಗ ಕಟ್ಟಿಕೊಂಡಿದ್ದ. ನೋಡುತ್ತಾ ಇದ್ದ ಹಾಗೆ ಅವನು, “ಕಾಣ್ತದಾ ಮಗಾ?” ಎಂದ.

ಸ್ವರ ಮಾವನದ್ದು.

ಒಂದೊಂದು ಹೆಗಲಿಗೆ ಒಂದೊಂದು ಸುಣ್ಣದ ಗೋಣಿ ಹೊತ್ತು ಓಡುತ್ತಿದ್ದವರು ಅವರು. ನನ್ನಂಥ ಗಟ್ಟಿ ಹುಡುಗನನ್ನು ಪೀಪಾಯಿಯಿಂದ ಎಳೆದು ನೆಲಕ್ಕೆ ಹಾಕಿದವರು.

“ಕಾಣ್ತದೆ” ಎಂದೆ. “ನಿಮಗೆ ಎಂತ ಆಯ್ತು?”

“ನನಗೆಂತ ಆಗುದು? ನಿನಗೆ ಕಾಣ್ತದಲ್ಲಾ, ಸಾಕು.”

“ಆಟಿಯಲ್ಲಿ ನೀವು ತಂದ ಅನ್ನ ಯಾರದ್ದು?”

“ಅನ್ನಕ್ಕೆ ಹೆಸರುಂಟಾ ಮಾರಾಯ?”

“ಮಾವ, ಯಾರದ್ದು?”

ಅವರು ನೆಲ ನೋಡಿದರು. ಅಮ್ಮ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ನನ್ನನ್ನು. ಅವಳಿಗೂ ಆಗ ಗೊತ್ತಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

“ನೀನು ನೀರು ಕೇಳಿದ್ದು, ನಾನು ಕೊಡ್ಲಿಲ್ಲ” ಎಂದರು ಮಾವ. ಅದೊಂದೇ ಸಲ ಅವರು ಆ ವಿಷಯ ಎತ್ತಿದ್ದು.

“ನೀವೊಬ್ಬರು ದೊಡ್ಡ ಮಂಗ” ಎಂದೆ. ಹಿರಿಯರಿಗೆ ಹಾಗೆ ಹೇಳಬಾರದು, ಹೇಳಿದೆ. ಅವರು ನಕ್ಕರು. ಹಲ್ಲು ಮಾತ್ರ ದೊಡ್ಡದಾಗಿ ಕಂಡಿತು.

ಕಣ್ಣು ಚಳಿಗಾಲ ಇಡೀ ಕಂಡಿತು. ನಾನೇ ತೋಡು ದಾಟಿ ಮಾವನ ಮನೆಗೆ ಹೋಗಿ ಅವರನ್ನು ಎಬ್ಬಿಸಿಕೊಂಡು ಬರುತ್ತಿದ್ದೆ, ನಮ್ಮಲ್ಲೇ ಉಣ್ಣಬೇಕು ಎಂದು ಹಟ ಹಿಡಿದೆ. ಸಣ್ಣ ಕೆಲಸವೂ ಮಾಡಿದೆ, ಅಡಿಕೆ ಹೆಕ್ಕುವುದು, ಸೋಗೆ ಎಳೆಯುವುದು. ಎಲೆ ಹಾಕಿದರೆ ಮೊದಲು ಮಾವ ನಾಲ್ಕು ತುತ್ತು ಉಣ್ಣುವುದನ್ನು ನೋಡಿಯೇ ನಾನು ಬಾಯಿಗೆ ಹಾಕುತ್ತಿದ್ದೆ. ನಾನು ಉಣ್ಣಲು ಶುರು ಮಾಡಿದರೆ ಕಣ್ಣು ತುಂಬಿ ಅವರು ಕಾಣದೆ ಹೋಗುತ್ತಾರೆ, ಅದಕ್ಕೆ.

ಸೆಕೆ ಶುರುವಾಗುವಾಗ ಕಣ್ಣಿಗೆ ಮಂಜು ಬಂತು. ಮೊದಲು ದೀಪದ ಸುತ್ತ ಬಣ್ಣದ ಬಳೆ ಕಂಡಿತು. ಮತ್ತೆ ಕಣ್ಣು ಕೆಂಪಾಯಿತು. ಮಂಗಳೂರಿಗೆ ಹೋದೆವು. ಡಾಕ್ಟರು ತುಂಬ ಹೊತ್ತು ನೋಡಿದರು. “ಪೊರೆ ಒಪ್ಪಲಿಲ್ಲ” ಎಂದರು.

“ನಾನು ಉಣ್ಣುದು ಕಮ್ಮಿಯಾಯ್ತಾ?”

“ಇಲ್ಲಪ್ಪ. ನಿನ್ನ ತಪ್ಪಲ್ಲ. ಯಾರ ತಪ್ಪೂ ಅಲ್ಲ. ಇನ್ನೊಬ್ಬರ ಪೊರೆಯನ್ನು ಕಣ್ಣು ಕೆಲವು ಸಲ ತಡ್ಕೊಳ್ಳುದಿಲ್ಲ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ.”

“ನೀವು ಕಲಿತದ್ದಾದ್ರೂ ಉಂಟಾ?”

“ಸ್ವಲ್ಪ ಉಂಟು” ಎಂದರು. ಇನ್ನೊಮ್ಮೆ ಮಾಡುವುದು ಈಗ ಬೇಡ, ನೋಡುವ ಎಂದರು. ಆ ನೋಡುವ ಇನ್ನೂ ಬರಲಿಲ್ಲ.

ಈಗ ನನಗೆ ಮೊದಲಿನ ಹಾಗೆ ಬೆಳಕು, ನೆರಳು. ಅಷ್ಟೇ. ತೋಡು ದಾಟಲು ಆಗುವುದಿಲ್ಲ. ಮಾವ ಅವರಷ್ಟಕ್ಕೇ ಬರುತ್ತಾರೆ. ಈ ವರ್ಷವೂ ಆಟಿ ಬಂತು, ಅಕ್ಕಿ ಕಮ್ಮಿಯೇ. ಅಮ್ಮ ಇಬ್ಬರಿಗೂ ಎಲೆ ಹಾಕಿ ಇದ್ದದ್ದನ್ನು ಸಮ ಬಡಿಸಿ ಕೆಲಸಕ್ಕೆ ಹೋಗುತ್ತಾಳೆ. ಮಾವ ಉಂಡೆ ಎನ್ನುತ್ತಾರೆ. ನಾನು ನಂಬುವುದಿಲ್ಲ. ಎಡಗೈ ಚಾಚಿ ಅವರ ಎಲೆ ತಡವಿ ನೋಡುತ್ತೇನೆ. ಒಂದು ಅಗುಳು ಸಿಕ್ಕಿದರೂ ನಾನು ಬಾಯಿ ತೆರೆಯುವುದಿಲ್ಲ, ಕಣ್ಣು ಒಣಗಿದರೆ ಒಣಗಲಿ ಎಂದು ಕುಳಿತುಕೊಳ್ಳುತ್ತೇನೆ. ಆಗ ಅವರು ಬೈದುಕೊಂಡು ಉಣ್ಣುತ್ತಾರೆ. ಜಗಿಯುವ ಶಬ್ದ ಕೇಳಿದ ಮೇಲೆ ನಾನು ಉಣ್ಣುತ್ತೇನೆ.

ಬರೆ ಎಂದು ತಂಗಿಗೆ ಹೇಳಿದ್ದು ಇಷ್ಟು. ಇನ್ನು ನನ್ನ ಹತ್ತಿರ ಹೇಳಲು ಏನೂ ಇಲ್ಲ.